ಗ್ಲಾಸ್ಗೋದಲ್ಲಿ ಕೇಳಿದ ಗೊರಕೆ

ಗಜೇಂದ್ರಗಡ

ಸ್ಕಾಟ್ಲೆಂಡಿಗೆ ಹೊರಟವಳ ಚೀಲದಲ್ಲಿ ಏನೇನಿರಬೇಕು ಎಂಬುದು ನಮ್ಮ ಓಣಿಯ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಒಬ್ಬರು ಕಟಕ ರೊಟ್ಟಿ ತಂದರು, ಇನ್ನೊಬ್ಬರು ಶೇಂಗಾ ಚಟ್ನಿ. ಎದುರು ಮನೆಯ ಅಜ್ಜಿ, ಅಲ್ಲಿಯ ಜನ ನೀರು ಬಳಸುವುದಿಲ್ಲವಂತೆ ಎಂದು ಒಂದು ತಾಮ್ರದ ತಂಬಿಗೆಯನ್ನೇ ಕೊಟ್ಟಳು. ತಂಬಿಗೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ತುಂಬಿಕೊಂಡೆ. ಬಿಟ್ಟು ಹೋದದ್ದಕ್ಕೆ ಆಮೇಲೆ ಪಶ್ಚಾತ್ತಾಪಪಟ್ಟೆ, ಅದರ ವಿವರ ಇಲ್ಲಿ ಬೇಡ.

ನಮ್ಮದು ಸೀರೆಯ ವ್ಯಾಪಾರ. ಗಜೇಂದ್ರಗಡದ ಪಟ್ಟೇದಂಚಿನ ಕೈಮಗ್ಗದ ಸೀರೆ: ಮೈಯೆಲ್ಲ ಒಂದೇ ಬಣ್ಣ, ಅಂಚಿನಲ್ಲಿ ಚೌಕಳಿ. ಗ್ಲಾಸ್ಗೋ ಎಂಬ ಊರಿನಲ್ಲಿ ಕೈಮಗ್ಗದ ಬಟ್ಟೆಗಳ ಪ್ರದರ್ಶನವಿದೆ, ಬನ್ನಿ ಎಂದು ಕರೆ ಬಂತು. ನಮ್ಮ ಯಜಮಾನರಿಗೆ ವಿಮಾನ ಅಂದರೆ ಎದೆ ಡವಡವ. ಗಜೇಂದ್ರಗಡದಿಂದ ರೋಣಕ್ಕೆ ಹೋಗುವ ಬಸ್ಸಿನಲ್ಲೇ ಕಣ್ಣು ಮುಚ್ಚಿ ಕೂರುವ ಗಂಡಸು. ಹಾಗಾಗಿ ನಾನೇ ಹೊರಟೆ.

ಹೊರಡುವ ಹಿಂದಿನ ದಿನ ರೋಣದಿಂದ ನನ್ನ ತಮ್ಮ ಶಂಕ್ರಪ್ಪ ಬಂದ. ಅಲ್ಲಿಯ ಬಜಾರದಲ್ಲಿ ಅವನದು ಕಾಳುಕಡಿಯ ಅಂಗಡಿ, ನಮ್ಮ ಅಪ್ಪನ ಕಾಲದ್ದು. ಬಂದವನು ನೀರು ಸಹ ಕುಡಿಯದೆ ಕೂತ. ವಿಷಯ ನನಗೆ ಗೊತ್ತಿದ್ದದ್ದೇ. ಅವನ ಮಗ ವೀರೇಶ ಹಿಂದಿನ ವರ್ಷ ರಾಜೂರಿನ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ನೋವಿಗೆಂದು ಗುಳಿಗೆ ಕೊಟ್ಟರು. ಅಫೀಮಿನ ಜಾತಿಯ ಗುಳಿಗೆ ಅದು ಎಂದು ನಮಗೆ ಯಾರೂ ಹೇಳಲಿಲ್ಲ, ಹೇಳಿದ್ದರೂ ತಿಳಿಯುತ್ತಿರಲಿಲ್ಲ. ಕಾಲು ಕೂಡಿತು, ಗುಳಿಗೆ ಬಿಡಲಿಲ್ಲ. ಮೊದಲು ಒಂದು, ಆಮೇಲೆ ಹಿಡಿತುಂಬ. ಚೀಟಿ ಇಲ್ಲದೆ ಹಿಂಬಾಗಿಲಿನಿಂದ ಮಾರುವ ಪುಣ್ಯಾತ್ಮ ಎಲ್ಲಿ ಸಿಕ್ಕನೋ. ಆ ಮಾರುವವನನ್ನು ಹಿಡಿದು ಕೊಡುವುದಿದ್ದರೆ ಪೊಲೀಸರ ಜೀಪಿನ ಮುಂದೆ ನಾನೇ ಓಡುತ್ತಿದ್ದೆ. ಆದರೆ ಶಂಕ್ರಪ್ಪ ಹಿಡಿದು ಕೊಡಲು ಹೊರಟದ್ದು ಮಗನನ್ನು.

"ಅಕ್ಕಾ, ನೀ ಒಂದ ಸಲ ಹೂಂ ಅನ್ನು. ಪೊಲೀಸರಿಗೆ ಒಪ್ಪಸಿ ಬಿಡ್ತೀನಿ. ನಾಕ ತಿಂಗಳ ಒಳಗ ಕುಂತ್ರ ಬುದ್ಧಿ ಬರ್ತೈತಿ."

ನಮ್ಮ ಮನೆತನದಲ್ಲಿ ಅಪ್ಪ ಹೋದ ಮೇಲೆ ಹೆಣ್ಣು ನೋಡುವುದರಿಂದ ಹಿಡಿದು ಹೊಲ ಮಾರುವುದರವರೆಗೆ ನಾನು ಹೂಂ ಎನ್ನದೆ ಯಾವುದೂ ಆಗಿಲ್ಲ. ಸುಳ್ಳು ಯಾಕೆ ಹೇಳಲಿ, ಆಗ ನನಗೂ ಹೂಂ ಎನ್ನುವಷ್ಟು ಸಿಟ್ಟಿತ್ತು. ವೀರೇಶ ತಾಯಿಯ ಕಿವಿಯ ಬೆಂಡೋಲೆಗೂ ಕೈಹಾಕಿದ್ದ. ಆದರೂ ಎತ್ತಿ ಆಡಿಸಿದ ಕೂಸು. ನಾಲಿಗೆ ಏಳಲಿಲ್ಲ. "ನಾ ತಿರುಗಿ ಬರೂತನಕ ತಡಿ, ಬಂದ ಹೇಳ್ತೀನಿ" ಎಂದೆ. ಅವನು ತಲೆಯಾಡಿಸಿ ಎದ್ದು ಹೋದ.

ಮೊಯ್ರಾಳ ಮನೆ

ಗ್ಲಾಸ್ಗೋದಲ್ಲಿ ಮಳೆ ಬೀಳುವುದಿಲ್ಲ, ಇರುತ್ತದೆ. ನಮ್ಮ ಕಡೆ ಮಳೆ ಬಂದರೆ ಜನ ಅಂಗಳಕ್ಕೆ ಬಂದು ಮೋಡ ನೋಡುತ್ತಾರೆ, ನರಗುಂದದಲ್ಲಿ ಎಷ್ಟಾಯಿತಂತೆ ಎಂದು ಫೋನು ಮಾಡುತ್ತಾರೆ. ಇಲ್ಲಿ ಯಾರೂ ತಲೆ ಸಹ ಎತ್ತಲಿಲ್ಲ. ಇಷ್ಟು ನೀರು ಕಂಡು ನನಗೆ ಹೊಟ್ಟೆಯುರಿಯಿತು.

ಪ್ರದರ್ಶನದವರು ನಮ್ಮನ್ನು ಊರವರ ಮನೆಗಳಲ್ಲಿ ಉಳಿಸಿದ್ದರು. ನನಗೆ ಸಿಕ್ಕವಳು ಮೊಯ್ರಾ, ನನಗಿಂತ ಹತ್ತು ವರ್ಷ ದೊಡ್ಡವಳು, ಒಬ್ಬಳೇ ಇರುವವಳು. ಕಟಕ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಬಡಿದು ನೋಡಿ, ಇದು ತಿನ್ನುವುದೋ ಗೋಡೆಗೆ ತೂಗುಹಾಕುವುದೋ ಎಂದು ಕೇಳಿದಳು. ಶೇಂಗಾ ಚಟ್ನಿ ಹಚ್ಚಿ ಕೊಟ್ಟ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ. ಅವಳ ಮಾತನ್ನು ನಾನು ಇಲ್ಲಿ ನಮ್ಮೂರ ಮಾತಿನಲ್ಲೇ ಬರೆಯುತ್ತೇನೆ. ಅವಳ ಇಂಗ್ಲಿಷಿಗೂ ಲಂಡನ್ನಿನ ಇಂಗ್ಲಿಷಿಗೂ ಇರುವ ದೂರ, ನಮ್ಮ ಮಾತಿಗೂ ಬೆಂಗಳೂರಿನ ಮಾತಿಗೂ ಇರುವಷ್ಟೇ. ಮೊದಲೆರಡು ದಿನ ಅವಳು ಹೇಳಿದ್ದಕ್ಕೆಲ್ಲ ನಾನು ಹೌದು ಎಂದು ತಲೆಯಾಡಿಸಿ, ಬೇಡದ ಚಹಾ ಎಷ್ಟೋ ಕುಡಿದೆ.

ಆ ಊರವರಿಗೆ ಚೌಕಳಿ ಬಟ್ಟೆ ಅಂದರೆ ಪ್ರಾಣ. ಗಂಡಸರು ಚೌಕಳಿಯ ಲಂಗ ಉಟ್ಟು ಮದುವೆಗೆ ಹೋಗುತ್ತಾರೆ. ನಮ್ಮ ಸೀರೆಯ ಅಂಚು ನೋಡಿ, ಇದು ಯಾವ ಮನೆತನದ ಚೌಕಳಿ ಎಂದು ಕೇಳಿದರು. ಅವರಲ್ಲಿ ಮನೆತನಕ್ಕೊಂದು ಚೌಕಳಿಯಂತೆ. ಒಬ್ಬಾಕೆ ಸಾಸಿವೆ ಬಣ್ಣದ ಸೀರೆ ಕೊಂಡು, ಕಿಟಕಿಗೆ ಪರದೆ ಮಾಡುತ್ತೇನೆ ಎಂದಳು. ನೇಯ್ದ ಯಲ್ಲವ್ವನಿಗೆ ಇದನ್ನು ಹೇಗೆ ಹೇಳಲಿ? ಕಡೆಗೆ, ಕಿಟಕಿಯಾದರೂ ಮರ್ಯಾದೆಯಿಂದ ಇರಲಿ ಎಂದು ಸುಮ್ಮನಾದೆ.

ಇನ್ನೊಂದು ವಿಚಿತ್ರ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ಕಡೆ ಹಾಗೆ ಹೇಳಿದರೆ ಡ್ರೈವರನಿಗೆ ಏನೋ ಸಂಶಯ ಬರುತ್ತದೆ.

ಶಂಕ್ರಪ್ಪನ ಫೋನು ದಿನಾ ಬರುತ್ತಿತ್ತು. ನಾನು ತಡಿ ಎಂದಿದ್ದಕ್ಕೆ ಅವನು ತನ್ನದೇ ಉಪಾಯ ಮಾಡಿದ್ದ: ವೀರೇಶನನ್ನು ಮಹಡಿಯ ಕೋಣೆಯಲ್ಲಿ ಕೂಡಿ ಕೀಲಿ ಹಾಕಿದ್ದ. ಕೀಲಿಕೈ ಉಡದಾರಕ್ಕೆ ಕಟ್ಟಿಕೊಂಡು ಅಂಗಡಿಗೆ ಹೋಗುತ್ತಿದ್ದ. ಮೊದಲು ಹುಡುಗ ನಡುಗಿದ, ವಾಂತಿ ಮಾಡಿದ, ಬಾಗಿಲು ಬಡಿದು ಅತ್ತ. ಬಾಗಿಲ ಈಚೆ ಅಪ್ಪನೂ ಕೂತು ಅತ್ತನಂತೆ, ಇದನ್ನು ಹೇಳಿದವಳು ಅವನ ಹೆಂಡತಿ ನೀಲವ್ವ. ಆಮೇಲೆ ಹುಡುಗ ಶಾಂತನಾದ. ರೊಟ್ಟಿ ಕೇಳಿ ತಿನ್ನತೊಡಗಿದ. "ಮಾರಿ ಮ್ಯಾಲೆ ಕಳಿ ಬಂದೈತಿ ಅಕ್ಕಾ. ಇದ್ದ ವಿಷ ಎಲ್ಲಾ ಇಳದೈತಿ. ಸೋಮವಾರ ಬಿಟ್ಟ ಬಿಡ್ತೀನಿ" ಎಂದ. ಪೊಲೀಸರೂ ಬೇಡ, ಡಾಕ್ಟರೂ ಬೇಡ, ಮನೆಯ ಮಾತು ಮನೆಯಲ್ಲೇ ಮುಗಿಯಿತು ಎಂದು ನನಗೂ ಹಗುರಾಯಿತು.

ಬಸ್ ನಿಲ್ದಾಣ

ಪ್ರದರ್ಶನ ಮುಗಿಯಲು ಇನ್ನೆರಡು ದಿನವಿತ್ತು. ಮಧ್ಯಾಹ್ನ ಮೊಯ್ರಾ ನನ್ನನ್ನು ನದಿಯ ದಂಡೆ ತೋರಿಸಲು ಕರೆದುಕೊಂಡು ಹೊರಟಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಒಬ್ಬ ಗಂಡಸು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ದೊಡ್ಡ ಗೊರಕೆ, ನಡುನಡುವೆ ತಡೆದು ಬರುವಂಥದ್ದು. ಹಗಲು ಹೊತ್ತಿನಲ್ಲೇ ಎಂಥ ಸುಖನಿದ್ದೆ ಎಂದು ನಾನು ನಕ್ಕೆ. ಮೊಯ್ರಾ ನಗಲಿಲ್ಲ.

ಅಷ್ಟರಲ್ಲಿ ಅವನು ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದ. ತುಟಿ ನೇರಳೆ ಹಣ್ಣು ತಿಂದವನ ತುಟಿಯ ಹಾಗಿತ್ತು. ಮೊಯ್ರಾ ಚೀಲದಲ್ಲಿ ಏನೋ ತಡಕಾಡತೊಡಗಿದಳು. ನಾನು ಸುಮ್ಮನೆ ನಿಲ್ಲುವ ಪೈಕಿ ಅಲ್ಲ. ನಮ್ಮೂರಲ್ಲಿ ಯಾರಾದರೂ ಹೀಗೆ ಬಿದ್ದರೆ ಮೊದಲು ಮಾಡುವುದೇನು? ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು. ಉಳ್ಳಾಗಡ್ಡಿ ಎಲ್ಲಿಂದ ತರಲಿ? ನನ್ನ ಚೀಲದಲ್ಲಿ ಗಜೇಂದ್ರಗಡದ ಅಂಗಡಿಯ ಕೀಲಿಕೈ ಗೊಂಚಲಿತ್ತು. ಯಜಮಾನರು ಎಲ್ಲಾದರೂ ಮರೆತು ಬಿಡುತ್ತಾರೆಂದು ಜೋಡಿ ಗೊಂಚಲನ್ನು ನಾನು ಸ್ಕಾಟ್ಲೆಂಡಿನವರೆಗೂ ಹೊತ್ತಿದ್ದೆ. ಅದನ್ನೇ ಅವನ ಮುಷ್ಟಿಯೊಳಗಿಟ್ಟು ಬೆರಳು ಮಡಚಿ ಗಟ್ಟಿಯಾಗಿ ಹಿಡಿದುಕೊಂಡೆ. ಕೈ ತಣ್ಣಗಿತ್ತು.

ಮೊಯ್ರಾ ಒಂದು ಸಣ್ಣ ಪ್ಲಾಸ್ಟಿಕ್ ಸಾಮಾನನ್ನು ಹೊರತೆಗೆದಳು. ಅವನ ತಲೆ ಹಿಂದಕ್ಕೆ ಬಾಗಿಸಿ, ಮೂಗಿನ ಹೊಳ್ಳೆಗಿಟ್ಟು ಒತ್ತಿದಳು. ನನಗೆ ಫೋನು ಕೊಟ್ಟು ಅಂಬ್ಯುಲೆನ್ಸಿಗೆ ಹೇಳು ಎಂದಳು. ನನ್ನ ಇಂಗ್ಲಿಷನ್ನು ಅತ್ತಲಿನವರು ಹೇಗೆ ತಿಳಿದುಕೊಂಡರೋ ಶಿವನೇ ಬಲ್ಲ. ಅವಳು ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಗುರುತಿಲ್ಲದ, ಮೈ ತೊಳೆಯದ ಮನುಷ್ಯನಿಗೆ. ಸ್ವಲ್ಪ ಹೊತ್ತಿಗೆ ಅವನ ಎದೆ ಏರಿತು. ಇನ್ನೂ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, ಮೊದಲು ಬೈದ. ಅವನನ್ನು ಮಗ್ಗುಲಾಗಿ ಮಲಗಿಸಿ ಮೊಯ್ರಾ ಹೋಗಗೊಡಲಿಲ್ಲ. ಔಷಧದ ಕಸುವು ಇಳಿದರೆ ಮತ್ತೆ ಉಸಿರು ನಿಲ್ಲಬಹುದು, ಅಂಬ್ಯುಲೆನ್ಸ್ ಬರಲೇಬೇಕು ಎಂದಳು.

ಅಂಬ್ಯುಲೆನ್ಸಿನ ಹಿಂದೆ ಇಬ್ಬರು ಪೊಲೀಸರೂ ಬಂದರು. ಇನ್ನು ಇವನ ಕಥೆ ಮುಗಿಯಿತು ಎಂದುಕೊಂಡೆ. ಅವರು ಮೊಯ್ರಾಳಿಗೆ, ಮೂಗಿನ ಔಷಧ ಸಾಕಾಯಿತೇ, ನಮ್ಮ ಹತ್ತಿರ ಇನ್ನೊಂದಿದೆ ಎಂದು ಸೊಂಟದ ಚೀಲ ಮುಟ್ಟಿ ತೋರಿಸಿದರು. ಅವನನ್ನು ಹಿಡಿಯುವ ಮಾತೇ ಎತ್ತಲಿಲ್ಲ. ಬಿದ್ದಿದ್ದವನು ಅಂಬ್ಯುಲೆನ್ಸ್ ಹತ್ತುವಾಗ ಮುಷ್ಟಿ ಬಿಚ್ಚಿ, ಇದ್ಯಾವ ಕೀಲಿಕೈ ಎಂದು ಕೇಳಿದ.

ಟ್ಯಾಕ್ಸಿ

ನದಿ ನೋಡುವ ಮನಸ್ಸು ಇಬ್ಬರಿಗೂ ಉಳಿಯಲಿಲ್ಲ. ಟ್ಯಾಕ್ಸಿ ಹಿಡಿದೆವು. ನಡೆದದ್ದನ್ನು ಕೇಳಿದ ಡ್ರೈವರ್ ದಾರಿಯುದ್ದಕ್ಕೂ ಗೊಣಗಿದ. ಇವರಿಗೆ ಯಾರಾದರೂ ಬಲವಂತ ಮಾಡಿದ್ದಾರೆಯೇ? ನಮ್ಮ ತೆರಿಗೆಯಲ್ಲಿ ಇವರಿಗೆ ಔಷಧ, ಚುಚ್ಚಿಕೊಳ್ಳಲು ನರ್ಸಮ್ಮಂದಿರ ಕಾವಲಿನ ಕೋಣೆ, ಹೀಗೆ ಮುದ್ದು ಮಾಡಿದರೆ ಬುದ್ಧಿ ಬರುವುದು ಯಾವಾಗ? ಎಲ್ಲರನ್ನೂ ಒಳಗೆ ಹಾಕಬೇಕು ಎಂದ. ಅಯ್ಯೋ, ಇವನು ನಮ್ಮ ಶಂಕ್ರಪ್ಪನೇ, ಬಣ್ಣ ಬೇರೆ ಅಷ್ಟೇ ಎನಿಸಿತು.

ಇಳಿಯುವಾಗ ಚಿಲ್ಲರೆಗೆಂದು ಅವನು ಮುಂದಿನ ಡಬ್ಬಿ ತೆರೆದ. ಅದರೊಳಗೆ ಮೊಯ್ರಾಳ ಹತ್ತಿರವಿದ್ದಂಥದೇ ಮೂಗಿನ ಔಷಧದ ಪೊಟ್ಟಣವಿತ್ತು. ನಾನು ಬೆರಳು ಮಾಡಿ ತೋರಿಸಿದೆ. ಅವನಿಗೆ ಸ್ವಲ್ಪ ನಾಚಿಕೆಯಾಯಿತು. ಅದು ಬೇರೆ ಮಾತು, ನನ್ನ ಗಾಡಿಯಲ್ಲಿ ಯಾರೂ ಸಾಯಬಾರದು ಎಂದ. ಅವನಿಗೂ ನಾನು ಥ್ಯಾಂಕ್ಸ್ ಹೇಳಿ ಇಳಿದೆ. ಆ ಊರಿನ ರೂಢಿ ನನಗೂ ಅಂಟಿತ್ತು.

ಅಡಿಗೆಮನೆ

ಮೊಯ್ರಾ ಚಹಾಕ್ಕಿಟ್ಟು, ಕೀಲಿಕೈಯ ವಿಷಯ ಕೇಳಿದಳು. ನಗಲಿಲ್ಲ. ಕಬ್ಬಿಣ ಕೊಟ್ಟರೆ ಏಳುತ್ತಾರೆಯೇ ಎಂದಳು. ಏಳುವವರು ಅವರಷ್ಟಕ್ಕೆ ಏಳುತ್ತಾರೆ, ಹೆಸರು ಕೀಲಿಕೈಗೆ ಬರುತ್ತದೆ ಎಂದೆ. ನನ್ನ ಮಾತಿಗೆ ನನಗೇ ನಗು ಬಂತು, ಆಮೇಲೆ ಅಳು ಬಂತು. ವೀರೇಶನ ವಿಷಯ ಎಲ್ಲ ಹೇಳಿದೆ. ಕೋಣೆಯಲ್ಲಿ ಕೂಡಿದ್ದು, ಮುಖಕ್ಕೆ ಕಳೆ ಬಂದದ್ದು, ಸೋಮವಾರ ಬಿಡುವುದು.

ಅವಳು ಎದ್ದು ಒಳಗಿನಿಂದ ಒಂದು ಫೋಟೋ ತಂದಿಟ್ಟಳು. ಮಗ ಕೆವಿನ್. ವೀರೇಶನ ವಯಸ್ಸೇ ಇರಬೇಕು, ಅವನ ಹಾಗೆಯೇ ಓರೆ ನಗು.

"ಇಂವನ್ನ ಜೇಲಿಗೆ ಹಾಕಿದ್ರು. ಬುದ್ಧಿ ಬರ್ಲಿ ಅಂತ ನಾನೂ ಸುಮ್ನಿದ್ದೆ. ಹೊರಗ ಬಂದಾಗ ಮೈ ತುಂಬಿತ್ತು, ಮಾರಿ ಮ್ಯಾಲೆ ಕಳಿ ಇತ್ತು. ಮರುದಿನ ಮಧ್ಯಾಹ್ನ ಕೋಣ್ಯಾಗ ಗೊರಕಿ ಹೊಡಿಯಾಕತ್ತಿದ್ದ. ಎಷ್ಟ ದಿವಸದ ಮ್ಯಾಲೆ ಸುಖಾ ನಿದ್ದಿ ಹತ್ತೈತಿ ಅಂತ ನಾನ ಬಾಗಲಾ ಸಪ್ಪಳಾಗದಂಗ ಮುಚ್ಚಿದೆ."

ಕೆವಿನ್ ಮತ್ತೆ ಏಳಲಿಲ್ಲ. ಅವಳು ಫೋಟೋ ಒರೆಸಿಟ್ಟು, ಕೂಲಿ ಲೆಕ್ಕ ಹೇಳುವವಳಂತೆ ಬಿಡಿಸಿ ಹೇಳಿದಳು. ಮೈ ಆ ಮದ್ದಿಗೆ ಒಗ್ಗಿದ್ದಾಗ ಹಿಡಿತುಂಬ ತಿಂದರೂ ತಾಳುತ್ತದೆ. ಬಿಟ್ಟು ಕೆಲವು ದಿನವಾದರೂ ಸಾಕು, ಆ ತಾಳಿಕೆ ಇಳಿಯುತ್ತದೆ. ಆಸೆ ಮಾತ್ರ ಹೋಗುವುದಿಲ್ಲ. ಹೊರಗೆ ಬಂದವನು ಮೊದಲ ದಿನ ಹಳೆಯ ಅಳತೆಯನ್ನೇ ತೆಗೆದುಕೊಳ್ಳುತ್ತಾನೆ. ಉಸಿರು ಸಣ್ಣಗಾಗುತ್ತಾ ಹೋಗುತ್ತದೆ. ಆ ಗೊರಕೆ ನಿದ್ದೆಯದಲ್ಲ. ಜೇಲಿನ ಬಾಗಿಲಲ್ಲಿ ಯಾರೂ ಇದನ್ನು ನನಗೆ ಹೇಳಲಿಲ್ಲ ಎಂದಳು.

ಅಂದು ಶನಿವಾರ, ಸೋಮವಾರಕ್ಕೆ ಎರಡೇ ದಿನ. ಫೋನು ಹಚ್ಚಿದೆ. ಹುಡುಗ ಇನ್ನೂ ಕೋಣೆಯಲ್ಲೇ ಇದ್ದ. ಕೇಳಿದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ. ಶಂಕ್ರಪ್ಪ ಮೊದಲು ನಂಬಲಿಲ್ಲ, ಆಮೇಲೆ ಸಿಟ್ಟಾದ. ಕೂಡಿಹಾಕಿದರೂ ತಪ್ಪು, ಬಿಟ್ಟರೂ ತಪ್ಪು, ಹಾಗಾದರೆ ತಂದೆಯಾದವನು ಏನು ಮಾಡಬೇಕು, ಭಯ ಬೇಡವೇ ಎಂದು ಕೂಗಾಡಿದ. ಗದಗಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗು, ಅಲ್ಲಿಯವರೆಗೆ ಅವನನ್ನು ಒಬ್ಬನನ್ನೇ ಬಿಡಬೇಡ ಎಂದೆ. ಅವನ ಕೂಗು ಇಳಿಯಿತು.

"ದವಾಖಾನಿಗೆ ಕರಕೊಂಡ ಹೋದ್ರ ಊರಿಗೆಲ್ಲಾ ಗೊತ್ತಾಗ್ತೈತಿ ಅಕ್ಕಾ. ಮಂದಿಗೆ ಏನಂತ ಹೇಳ್ಲಿ? ಅದನ್ನಷ್ಟ ಹೇಳು ನೀ."

ಇದೇ ಮನುಷ್ಯ ಮಗನನ್ನು ಪೊಲೀಸರಿಗೆ ಕೊಡಲು ಹೊರಟಿದ್ದ. ಮಗ ಕಳ್ಳನೆಂದು ಊರಿಗೆ ಹೇಳಬಲ್ಲ, ರೋಗಿ ಎಂದು ಹೇಳಲಾರ. ಅದನ್ನು ಆಡಿ ತೋರಿಸಬೇಕು ಎನಿಸಿತು, ಬಾಯಿ ಕಟ್ಟಿಕೊಂಡೆ. ಬರುತ್ತೇನೆ, ಕೀಲಿ ತೆಗೆಯುವಾಗ ನಾನು ಇರುತ್ತೇನೆ ಎಂದಷ್ಟೇ ಹೇಳಿ ಇಟ್ಟೆ.

ಔಷಧಿ ಅಂಗಡಿ

ಮರುದಿನ ಮೊಯ್ರಾ ನನ್ನನ್ನು ಔಷಧಿ ಅಂಗಡಿಗೆ ಕರೆದೊಯ್ದಳು. ಮೂಗಿನ ಆ ಔಷಧಕ್ಕೆ ನಲೋಕ್ಸೋನ್ ಎಂದು ಹೆಸರು. ಕೌಂಟರಿನ ಹುಡುಗಿ, ಯಾರಿಗೆ, ನಿಮ್ಮ ಮನೆಯಲ್ಲಿ ಯಾರು ಹಾಗೆ ಎಂದು ಕೆದಕಲಿಲ್ಲ. ಸ್ವರ ಸಣ್ಣದು ಮಾಡಲೂ ಇಲ್ಲ. ಹೇಗೆ ಹಾಕಬೇಕು, ಹೇಗೆ ಮಲಗಿಸಬೇಕು ಎಂದು ತೋರಿಸಿ, ನನ್ನಿಂದ ತಿರುಗಿ ಹೇಳಿಸಿ, ಶಾಲೆಯ ಅಕ್ಕೋರ ಹಾಗೆ ತಲೆಯಾಡಿಸಿ ಪೊಟ್ಟಣ ಕೈಗಿತ್ತಳು. ನಮ್ಮ ಕಡೆ ಒಂದು ಸೂಜಿ ಕೇಳಿದರೂ ಅಂಗಡಿಯವನು ಮುಖ ನೋಡಿ, ಅಪ್ಪನ ಹೆಸರು ಕೇಳುತ್ತಾನೆ.

ಅಲ್ಲಿ ಎಲ್ಲ ಸರಿ ಇದೆ ಎಂದು ಬರೆಯಲಾರೆ. ಆ ಊರಿನ ಗಲ್ಲಿಗಳಲ್ಲಿ ಇನ್ನೂ ಜನ ಸಾಯುತ್ತಾರೆ, ಟ್ಯಾಕ್ಸಿಯವನ ಹಾಗೆ ಮಾತಾಡುವವರು ಬೇಕಾದಷ್ಟಿದ್ದಾರೆ, ಕೆವಿನ್‌ನನ್ನು ಒಳಗೆ ಹಾಕಿದ ಕಾಯಿದೆಯೂ ಹಾಗೆಯೇ ಇದೆಯಂತೆ. ಬಿದ್ದವನನ್ನು ಮೊದಲು ಎಬ್ಬಿಸೋಣ, ಬೈಗುಳ ಆಮೇಲೆ ಇದ್ದೇ ಇದೆ ಎನ್ನುವಷ್ಟಕ್ಕೆ ಅವರು ಬಂದಿದ್ದಾರೆ. ಅಷ್ಟಕ್ಕೆ ಬರಲು ಮೊಯ್ರಾಳಂಥ ಎಷ್ಟು ತಾಯಂದಿರು ಸಪ್ಪಳಾಗದಂತೆ ಬಾಗಿಲು ಮುಚ್ಚಿದರೋ.

ಬೀಳ್ಕೊಡುವಾಗ ಅವಳಿಗೆ ಒಂದು ಸೀರೆ ಉಡಿಸಿದೆ. ಕಿಟಕಿಗೆ ಹಾಕುವುದಿಲ್ಲ ಎಂದು ಆಣೆ ಮಾಡಿದಳು.

ರೋಣ

ಗಜೇಂದ್ರಗಡಕ್ಕೆ ಹೋಗದೆ ನೇರ ರೋಣದಲ್ಲೇ ಇಳಿದೆ. ಶಂಕ್ರಪ್ಪ ಸೋಮವಾರ ಬಾಗಿಲು ತೆಗೆದಿರಲಿಲ್ಲ. ಧೈರ್ಯ ಸಾಲಲಿಲ್ಲವಂತೆ. ಉಡದಾರದಿಂದ ಕೀಲಿಕೈ ಬಿಚ್ಚಿ ನನ್ನ ಕೈಗೆ ಕೊಟ್ಟ.

ವೀರೇಶ ಕಿಟಕಿಯ ಹತ್ತಿರ ಕೂತಿದ್ದ. ಬೈಯುತ್ತೇನೆಂದು ತಲೆ ತಗ್ಗಿಸಿದ. ನಾನು ದಿಂಬೊಂದನ್ನು ಎತ್ತಿ ಮಂಚದ ಮೇಲಿಟ್ಟು, ಇದು ನೀನು ಎಂದೆ. ತಲೆ ಹೀಗೆ, ಮೂಗಿಗೆ ಹೀಗೆ, ಮಗ್ಗುಲಿಗೆ ಹೀಗೆ. ನೀಲವ್ವನಿಗೂ ಶಂಕ್ರಪ್ಪನಿಗೂ ಎರಡೆರಡು ಸಲ ಮಾಡಿ ತೋರಿಸಿದೆ. ಶಂಕ್ರಪ್ಪ ದಿಂಬನ್ನು ಎಳೆಗೂಸಿನ ಹಾಗೆ ಮಗ್ಗುಲಾಗಿಸಿದ. ನಾನು ಪೊಟ್ಟಣವನ್ನು ವೀರೇಶನ ಕೈಗೆ ಕೊಟ್ಟೆ. ಅವನು ತಿರುವಿ ಮುರುವಿ ನೋಡಿದ.

"ಇದನ್ನ ನನಗ ನಾನ ಹಾಕ್ಕೊಳ್ಳಾಕ ಬರೂದಿಲ್ಲಲ್ರಿ, ಅತ್ತಿ. ಬಾಜೂಕ ಯಾರರ ಇರಬೇಕು."

ಶಂಕ್ರಪ್ಪ ಆ ಪೊಟ್ಟಣವನ್ನು ಇಸಿದುಕೊಂಡು ಅಂಗಿಯ ಕಿಸೆಯಲ್ಲಿಟ್ಟುಕೊಂಡ.

ಮರುದಿನ ಗದಗಿಗೆ ಹೋದೆವು. ಡಾಕ್ಟರು ಬೈಯಲಿಲ್ಲ. ಇದು ಲಗೂನೆ ಹೋಗುವ ಬೇನೆಯಲ್ಲ, ನಾಲಿಗೆಯ ಕೆಳಗಿಡುವ ಔಷಧವಿದೆ, ತಿಂಗಳುಗಟ್ಟಲೆ ನಡೆಯಬೇಕು, ನಡುವೆ ಮತ್ತೆ ಜಾರಬಹುದು, ಜಾರಿದರೆ ಮುಚ್ಚಿಡದೆ ಬನ್ನಿ ಎಂದರು. ಜಾರಬಹುದು ಎಂಬ ಮಾತಿಗೆ ಶಂಕ್ರಪ್ಪನ ಮುಖ ಸಣ್ಣದಾಯಿತು. ತಿರುಗಿ ಬರುವ ಬಸ್ಸಿನಲ್ಲಿ ಅವನು ಮಗನ ಬಾಜೂಕೆ ಕೂತ. ಇಳಿಯುವಾಗ ನಾನು ಡ್ರೈವರನಿಗೆ ಥ್ಯಾಂಕ್ಸ್ ಎಂದೆ, ಅವನು ಗಾಬರಿಯಾಗಿ ಕನ್ನಡಿಯಲ್ಲಿ ಹಿಂದೆ ನೋಡಿದ.

ಒಂದು ವಾರ ಕಳೆದು ಸಂತೆಯ ದಿನ ನಾನು ಮತ್ತೆ ರೋಣಕ್ಕೆ ಹೋದೆ. ಮನೆಯಲ್ಲಿ ಮಹಡಿಯ ಬಾಗಿಲು ತೆರೆದಿತ್ತು, ಕೋಣೆ ಖಾಲಿ. ವೀರೇಶಾ ಎಂದು ಕೂಗುತ್ತ ಕೆಳಗಿಳಿದೆ. ಅಂಗಡ್ಯಾಗ ಅದಾನ್ರಿ ಅಕ್ಕಾರ ಎಂದು ನೀಲವ್ವ ಹೇಳಿದಳು. ಬಜಾರಕ್ಕೆ ಓಡಿದೆ. ತುಂಬಿದ ಸಂತೆ. ಅಂಗಡಿಯ ಗಾದಿಯ ಮೇಲೆ, ಅಪ್ಪನ ಬಾಜೂಕೆ, ಎಲ್ಲರಿಗೂ ಕಾಣುವ ಹಾಗೆ ವೀರೇಶ ಕೂತಿದ್ದ. ಸೊರಗಿದ್ದ. ಶಂಕ್ರಪ್ಪನ ಅಂಗಿಯ ಕಿಸೆ ಉಬ್ಬಿತ್ತು.

ಮೆಣಸಗಿ ಊರಿನ ಹಳೆಯ ಗಿರಾಕಿಯೊಬ್ಬರು ಚೀಲ ಹಿಡಿದು ಬಂದರು. ಹುಡುಗನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ರಿ ಸಾವ್ಕಾರ, ಮಗಾ ಭಾಳ ದಿವಸ ಕಾಣಲಿಲ್ಲ. ಯಾಕ ಹಿಂಗ ಸೊರಗ್ಯಾನ?"

ನಾನು ಕಟ್ಟೆಯ ಕೆಳಗೇ ನಿಂತುಬಿಟ್ಟೆ. ವೀರೇಶ ತಲೆ ತಗ್ಗಿಸಿದ. ಶಂಕ್ರಪ್ಪ ಕೈಯಲ್ಲಿದ್ದ ಕಾಳನ್ನು ಮರಳಿ ಚೀಲಕ್ಕೆ ಸುರಿದು, ಕೈ ಝಾಡಿಸಿಕೊಂಡು, ಅವರ ಮುಖ ನೋಡಿ ಹೇಳಿದ.

"ಆರಾಮ ಇಲ್ರಿ ಅಂವಗ. ಗದಗಿನ ದವಾಖಾನಿ ಔಷಧ ನಡದೈತಿ."

"ಹೌದ್ರಾ? ಲಗೂ ಆರಾಮ ಆಗ್ಲಿ ಬಿಡ್ರಿ" ಎಂದ ಅವರು, ತೊಗರಿ ಬೇಳೆ ಹ್ಯಾಂಗ ಎಂದು ಕೇಳಿದರು. ವೀರೇಶ ಎದ್ದು ಬೇಳೆ ತೂಗಿದ.